ಆರನೇ ಲೋಟ

“ಅವ್ವಾ, ಆರನೇ ಲೋಟ ಎಲ್ಲಿ ಹೋತು?” ಐದು ಸ್ಟೀಲ್ ಲೋಟ ಹಿಡಿದುಕೊಂಡು ಪೂನಮ ಅಂಗಳದಿಂದಲೇ ಅಡುಗೆಮನೆಯತ್ತ ಕೂಗಿದಳು. ಲಾನಿನ ಯಾವ ಮೂಲೆಗೆ ಸ್ಪ್ರಿಂಕ್ಲರಿನ ನೀರು ಎಷ್ಟು ಬೀಳುತ್ತದೆಂದು ಅಳೆಯಬೇಕಿತ್ತು. ಅದಕ್ಕೆ ಲೋಟಗಳೆಲ್ಲ ಒಂದೇ ಅಳತೆಯವು ಬೇಕು.

ತೋಟದ ಕೆಲಸದ ವೈಜಿನಾಥಕಾಕಾ ಕಂಪೌಂಡ್ ಗೋಡೆಯ ಗೂಡಿಗೆ ಕೈಹಾಕಿ ಒಂದು ಲೋಟ ತೆಗೆದರು. “ಇಲ್ಲೇ ಅದರಿ. ನನಗ ಚಾ ಹಾಕೋ ಲೋಟ. ಅದೇ ಸೆಟ್ಟಿಂದರಿ.” ಅದೇ ಅಂಚು, ಅದೇ ಜಾಗದಲ್ಲಿ ಕೊರೆಸಿದ ಅಪ್ಪನ ಹೆಸರು. ಮೂರು ವರ್ಷದಿಂದ ಆ ಲೋಟಕ್ಕೆ ತಾಗದ ಹಾಗೆ ಮೇಲಿನಿಂದ ಚಹಾ ಸುರಿಯುತ್ತಿದ್ದವಳು ಅವಳೇ. ಒಮ್ಮೆಯೂ ಅದನ್ನು ನೆಟ್ಟಗೆ ನೋಡಿರಲಿಲ್ಲ.

ಆರೂ ಲೋಟಗಳನ್ನು ಲಾನಿನಲ್ಲಿ ಅಲ್ಲಲ್ಲಿ ಇಟ್ಟ ಮೇಲೆ ಹದಿನೈದು ನಿಮಿಷ ಸ್ಪ್ರಿಂಕ್ಲರ್ ತಿರುಗಿತು. ಕಾಕಾ ಒಂದೊಂದೇ ಲೋಟದಲ್ಲಿ ಸ್ಕೇಲು ಇಳಿಸಿ ನೋಡಿದರು. “ನನ್ನ ಲೋಟದಾಗೇ ಜಾಸ್ತಿ ಬಿದ್ದದ ನೋಡ್ರಿ! ನಿಮ್ಮ ಮಷೀನಿಗಿ ನನ್ನ ಮ್ಯಾಲ ಭಾಳ ಪ್ರೀತಿ ಅದ” ಎಂದು ನಕ್ಕರು. ಅವಳಿಗೆ ನಗಲಾಗಲಿಲ್ಲ.

ನೀರು ಚೆಲ್ಲಿ, ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತ ಬಂದ ಪೂನಮ ಆರನೆಯದಕ್ಕೂ ಕೈ ಚಾಚಿದಳು. ಇದನ್ನೂ ಒಳಗೆ ಒಯ್ಯಬೇಕು ಅಂದುಕೊಂಡಳು. ಅಷ್ಟರಲ್ಲಿ ಅಡುಗೆಮನೆಯ ಕಿಟಕಿಯಲ್ಲಿ ಅವ್ವ ನಿಂತದ್ದು ಕಂಡಿತು, ಚಾಚಿದ ಕೈ ಅಲ್ಲೇ ನಿಂತಿತು.

“ಇರ್ಲಿ ಬಿಡ್ರಿ ಪೂನಮಬಾಯಿ, ನಾ ಗೂಡಿನಾಗ ಇಡ್ತೇನಿ,” ಎಂದು ಕಾಕಾ ಮೆಲ್ಲಗೆ ಅಂದರು.

“ಹೂಂರಿ,” ಅಂದಳು ಪೂನಮ.