ಇಂಚಿಗೆ ಎಷ್ಟು ಎಳೆ

“ಕಂಪ್ಯೂಟರ್ ತುಂಬ ಕಾಣಾಕತ್ತೈತಿ, ಫೋಟೊ ಸಣ್ಣದು ಹೆಂಗ ಆಕ್ಕೈತಿ ತಂಗಿ?” ಎಂದು ನೇಕಾರ ಯಮನಪ್ಪ ಮೂರನೇ ಸಲ ಕೇಳಿದಾಗ, ಬನಹಟ್ಟಿಯ ಮುದ್ರಣದಂಗಡಿಯ ರಾಜಶ್ರೀ ವಾದ ಬಿಟ್ಟಳು. ಅವನ ಮೊಬೈಲಿನಿಂದ ಬಂದಿದ್ದ ಸೀರೆಯ ಫೋಟೊವನ್ನು, ಅವನು ಮಾಡಿಸಲು ಬಂದಿದ್ದ ಐನೂರು ಸೀರೆ ಡಬ್ಬಿಗಳ ಮುಚ್ಚಳದ ಅಳತೆಗೇ ಮುದ್ರಿಸಿ ಕೈಗಿಟ್ಟಳು.

ಯಮನಪ್ಪ ಬಟ್ಟೆಯ ಎಳೆ ಎಣಿಸುವ ಪುಟ್ಟ ಭೂತಗನ್ನಡಿಯನ್ನು ಜೇಬಿನಿಂದ ತೆಗೆದು ಕಾಗದದ ಮೇಲಿಟ್ಟ. ಸೀರೆಯ ಅಂಚು ಇರಬೇಕಾದಲ್ಲಿ ಬರೀ ಬಣ್ಣದ ಚೌಕಗಳಿದ್ದವು. “ಇಂಚಿಗೆ ಎಪ್ಪತ್ತೂ ಇಲ್ಲಲ್ಲ! ಪೂರಾ ಜಾಳ ಐತಿ.”

“ಅದನ್ನ ಹೇಳಾಕತ್ತೇನ್ರಿ ಕಾಕಾ. ಇದ್ದಷ್ಟ ಚುಕ್ಕಿ ಎಳದು ದೊಡ್ಡದು ಮಾಡಿದ್ರ ಜಾಳಾಗತೈತಿ. ಕಾಗದಕ್ಕ ಇಂಚಿಗೆ ಮುನ್ನೂರು ಬೇಕ್ರಿ.”

“ಹಿಂಗ ಎಣಿಸಿ ಹೇಳಿದ್ರ ಆಗಲೇ ತಿಳೀತಿತ್ತಲ್ಲ!” ಎಂದು ರೇಗಿದವನೇ, ಡಬ್ಬಿಯ ಅಳತೆಗೆಂದು ತಂದಿದ್ದ ಸೀರೆಯನ್ನು ಚೀಲದಿಂದ ತೆಗೆದು, ಅದರ ಅಂಚನ್ನು ಸ್ಕ್ಯಾನರಿನ ಗಾಜಿನ ಮೇಲೆ ತಾನೇ ನೀಟಾಗಿ ಹಾಸಿದ.

ಎರಡನೇ ಕಾಗದ ಹೊರಬಂತು. ಯಮನಪ್ಪ ಭೂತಗನ್ನಡಿಗೆ ಕಣ್ಣು ಹಚ್ಚಿ, ತುಟಿ ಅಲ್ಲಾಡಿಸುತ್ತ ಎಳೆ ಎಣಿಸತೊಡಗಿದ. ನಡುವೆ ಒಂದು ಕಡೆ ಅವನ ಬೆರಳು ನಿಂತಿತು. ನೇಯುವಾಗ ಕಡಿದುಹೋದ ಒಂದು ಎಳೆಗೆ ಹಾಕಿದ್ದ, ಸಾಸಿವೆಗಿಂತ ಸಣ್ಣ ಗಂಟು ಅಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

ರಾಜಶ್ರೀ ಬಗ್ಗಿ ನೋಡಿ, “ಅದನ್ನ ಅಳಸಲೇನ್ರಿ ಕಾಕಾ? ಒಂದ್ ನಿಮಿಷದ ಕೆಲಸ,” ಎಂದಳು.

“ಬ್ಯಾಡ ತಂಗಿ,” ಅವನು ಕಣ್ಣೆತ್ತಲಿಲ್ಲ. “ಅದು ನಮ್ಮ ಮನಿಯಾಕಿ ಹಾಕಿದ ಗಂಟು. ಐನೂರು ಡಬ್ಬಿ ಮ್ಯಾಲೂ ಬರಲಿ.”