ರಾಹುಕಾಲಕ್ಕೊಂದು ಜ್ಯಾಕ್

ಕಾರಿನ ಡಿಕ್ಕಿ ಮುಚ್ಚಲಿಲ್ಲ. ಮಾರ್ತಾಂಡರಾಯರು ಅದರ ಮೇಲೆ ಕೂತು ನೋಡಿದರು. ಆಗಲೂ ಮುಚ್ಚಲಿಲ್ಲ.

"ಆ ಜ್ಯಾಕ್ ತಗೀರಿ," ಎಂದರು ಹೆಂಡತಿ ವಿಮಲಾಬಾಯಿ, ಬುಟ್ಟಿ ಹಿಡಿದು ನಿಂತು. "ಹುಡುಗಿಗೆ ಸೀರಿ, ಕುಬಸ, ತೆಂಗಿನಕಾಯಿ ಎಲ್ಲೆ ಇಡ್ಲಿ?"

"ತೊಡಿ ಮ್ಯಾಲೆ ಇಟಗೋ. ಟಾಯರ್ ಕುಂತರ ನಿನ್ನ ತೆಂಗಿನಕಾಯಿಲೆ ಗಾಡಿ ಎತ್ತಲೇನು?"

ರಾಯರ ಮಾತಿನಲ್ಲಿ ತಪ್ಪಿರಲಿಲ್ಲ. ಸಂಸ್ಥಾನಗಳು ವಿಲೀನವಾದಾಗ ಯಾರೋ ಸರದಾರರು ಮಾರಿಹೋದ ಕಾರು ಅದು. ಆಮೇಲೆ ರಾಯರ ಊರು ಗದಗ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ಕಾರು ಮಾತ್ರ ಒಮ್ಮೆಯೂ ಹಾದಿಯ ಮುಳಗುಂದ ಊರು ದಾಟಲಿಲ್ಲ. ಮಗ ಅನಂತನಿಗೆ ಸವಣೂರಿನ ಕನ್ಯೆ ನೋಡಲು ಹೊರಟಾಗ ಪಂಕ್ಚರ್. ಶಿಗ್ಗಾವಿಯ ಕನ್ಯೆಗೆ ಹೊರಟಾಗ ರೇಡಿಯೇಟರ್ ಒಣಗಿತು. ಎರಡು ಸಲವೂ ಎತ್ತು ಕಟ್ಟಿ ಎಳೆಸಿಕೊಂಡು ಬಂದರು, ಎರಡೂ ಸಂಬಂಧ ಕೈಬಿಟ್ಟವು.

ಅನಂತನಿಗೆ ಈಗ ಮೂವತ್ತೊಂದು. ಹೈಸ್ಕೂಲ್ ಮಾಸ್ತರಿಕೆ ಇದೆ, ಹೆಂಡತಿಯಿಲ್ಲ. ಇನ್ನು ಉಳಿದದ್ದು ಲಕ್ಷ್ಮೇಶ್ವರದ ಶ್ರೀನಿವಾಸರಾಯರ ಮಗಳು ಕಮಲಾ ಒಬ್ಬಳೇ. ಅವರು ಪತ್ರದಲ್ಲಿ ಖಡಾಖಂಡಿತ ಬರೆದಿದ್ದರು: ಗುರುವಾರ ಮಧ್ಯಾಹ್ನ ಬರ್ರಿ, ಅಂದೇ ಮುಂಡರಗಿಯ ವರನ ಕಡೆಯವರೂ ಬರುತ್ತಾರೆ. ಯಾರು ಮೊದಲು ನೋಡಿ ಒಪ್ಪುತ್ತಾರೋ ಅವರಿಗೇ ಮಾತು ಕೊಟ್ಟುಬಿಡುತ್ತೇನೆ.

"ಗುರುವಾರ ಒಂದೂವರಿಗೆ ರಾಹುಕಾಲ, ಮೂರರ ತನಕ," ಎಂದು ವಿಮಲಾಬಾಯಿ ಪಂಚಾಂಗ ಮುಚ್ಚಿದ್ದರು. "ಅದರಾಗ ಅವರ ಹೊಸ್ತಿಲ ತುಳೀಬಾರದು. ಮುಂಡರಗಿಯವರೂ ಪಂಚಾಂಗ ನೋಡವರ, ಅವರೂ ಬರೂದಿಲ್ಲ."

ರಾಯರು ಲೆಕ್ಕ ಹಾಕಿದರು. ಓಡುವುದಕ್ಕೆ ಒಂದು ತಾಸು, ರಿಪೇರಿಗೆ ಎರಡು ತಾಸು. ಹನ್ನೆರಡೂವರೆಗೆ ಬಿಟ್ಟರೆ ಮೂರೂವರೆಗೆ ಮುಟ್ಟಬಹುದು. ಅದಕ್ಕೇ ಡಿಕ್ಕಿಯಲ್ಲಿ ಜ್ಯಾಕು, ಪಂಪು, ನಟ್ಟು ಬಿಚ್ಚುವ ನಾಲ್ಕು ಪಾನಾ, ಎರಡು ಡಬ್ಬಿ ನೀರು, ಹ್ಯಾಂಡಲ್, ಪ್ಲಗ್ಗು, ಎತ್ತು ಸಿಕ್ಕರೆ ಬೇಕೆಂದು ಹಗ್ಗ.

"ಇಷ್ಟೆಲ್ಲಾ ಯಾಕ ಅಪ್ಪಾ?" ಎಂದ ಅನಂತ, ಪಂಪನ್ನು ಹೊರಗಿಡುತ್ತಾ. "ಒಂದು ಪಾನಾ ಸಾಕು."

"ಹಾದ್ಯಾಗ ಗಾಡಿ ನಿಂತರ ನಿನಗ ಹಬ್ಬ ಅಲ್ಲೇನಲೇ?"

ಅನಂತ ಬಾನೆಟ್ ಒರೆಸಲು ಹೋದ. ರಾಯರಿಗೆ ಸಂಶಯ ಹುಟ್ಟಿ ತಿಂಗಳಾಗಿತ್ತು. ಮನೆಯಲ್ಲಿ ಮದುವೆಯ ಮಾತೆತ್ತಿದರೆ ಮಗ ಎದ್ದು ಹೋಗುತ್ತಿದ್ದ. ರವಿವಾರ ಬಂತೆಂದರೆ ಕಾರು ತಗೊಂಡು ಬೆಟಗೇರಿಯ ನಿಜಾಮುದ್ದೀನ ಮಿಸ್ತ್ರಿಯ ಮೋಟಾರು ರಿಪೇರಿ ಅಂಗಡಿಯಲ್ಲಿ ಕಾಲ ಕಳೆಯುತ್ತಿದ್ದ. ಈ ಹುಡುಗನಿಗೆ ಸಂಸಾರವೇ ಬೇಡವಾಗಿದೆ ಎಂದು ರಾಯರು ಒಳಗೊಳಗೇ ಕೊರಗುತ್ತಿದ್ದರು. ಪಂಪನ್ನು ತಿರುಗಿ ಒಳಗೆ ತುರುಕಿದರು. ತೆಂಗಿನಕಾಯಿ ತೊಡೆಯ ಮೇಲೆ ಬಂತು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಕಾರು ನಿಲ್ಲಲಿಲ್ಲ. ಮುಳಗುಂದದಲ್ಲಿ ಕೆಮ್ಮಲಿಲ್ಲ, ಏರಿನಲ್ಲಿ ಬಿಸಿಯಾಗಲಿಲ್ಲ. ರಾಯರು ಮೊದಲು ಹಿಗ್ಗಿದರು, ಆಮೇಲೆ ಗಡಿಯಾರ ನೋಡಿ ಕುಗ್ಗಿದರು.

"ಸಾವಕಾಶ ಹೊಡಿಯೋ ಅನಂತಾ," ಎಂದರು ವಿಮಲಾಬಾಯಿ. "ರಾಹುಕಾಲದಾಗ ಹೊಕ್ಕರ ಈ ಹುಡುಗೀನೂ ಹೋತು."

ಲಕ್ಷ್ಮೇಶ್ವರದ ಕೆರೆಯ ದಂಡೆ ಮುಟ್ಟಿದಾಗ ಒಂದು ಗಂಟೆ ನಲವತ್ತು ನಿಮಿಷ. ಊರು ಕೂಗಳತೆಯಲ್ಲಿತ್ತು. ಬೇವಿನ ಮರದಡಿ ಕಾರು ನಿಲ್ಲಿಸಿದರು. ಆದರೆ ಕನ್ಯೆ ನೋಡಲು ಬಂದವರು ಊರ ಬಾಯಲ್ಲಿ ಸುಮ್ಮನೆ ಕೂತರೆ ಜನ ಏನೆಂದಾರು? ಹುಡುಗಿಯಲ್ಲೇ ಏನೋ ಐಬು ಕೇಳಿ ಅನುಮಾನಿಸುತ್ತಿದ್ದಾರೆ ಎಂದು ಸಂಜೆಯೊಳಗೆ ಊರೆಲ್ಲ ಖಬರ ಹರಡುತ್ತದೆ.

ರಾಯರು ಬಾನೆಟ್ ಎತ್ತಿದರು. ಸಾಮಾನನ್ನೆಲ್ಲ ರಸ್ತೆಗೆ ಹರವಿದರು. ಜರಿ ಪೇಟ ಹೆಂಡತಿಯ ಕೈಗೆ ಕೊಟ್ಟು ಕಾರಿನಡಿ ಮಲಗಿದರು. ಗಾಡಿ ಕೆಟ್ಟು ನಿಂತವರಿಗೆ ಯಾರೂ ಹೆಸರಿಟ್ಟು ಆಡಿಕೊಳ್ಳುವುದಿಲ್ಲ.

ಹೊಟ್ಟು ಹೇರಿದ ಚಕ್ಕಡಿಯೊಂದು ಬಂದು ನಿಂತಿತು. ಹೊಡೆಯುವವನು ಆ ಊರಿನ ಲಕ್ಷ್ಮಪ್ಪ. "ಏನಾತ್ರಿ? ಎತ್ತು ಹೂಡಿ ಎಳಿಲೇನ್ರಿ?"

"ಬ್ಯಾಡಪಾ," ಎಂದರು ರಾಯರು ಕಾರಿನಡಿಯಿಂದ. "ಮೂರಕ್ಕ ತಾನ ಸರಿ ಆಗತದ."

"ಊರಾಗ ಮಿಸ್ತ್ರಿ ಅದಾನ್ರಿ."

"ನಾ ಹೋಗಿ ಕರಕೊಂಡು ಬರ್ತೀನಿ," ಎಂದು ಅನಂತ ಚಕ್ಕಡಿ ಹತ್ತಿಯೇಬಿಟ್ಟ.

ರಾಯರು ತಲೆ ಹೊರಹಾಕಿ ಪಿಸುಗುಟ್ಟಿದರು. "ಕೆಡದ ಗಾಡಿಗೆ ಮಿಸ್ತ್ರಿ ಯಾಕಲೇ?"

"ಖರೆ ಅನಸಬೇಕಲ್ಲಪಾ."

ಚಕ್ಕಡಿ ಹೋಯಿತು. ಎರಡಾಯಿತು, ಎರಡೂವರೆಯಾಯಿತು, ಮಗನ ಪತ್ತೆಯಿಲ್ಲ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. "ಓಡಿಹೋದ," ಎಂದರು ರಾಯರು ಕೊನೆಗೆ, ಕಣ್ಣು ತುಂಬಿ. "ಜ್ಯಾಕ್ ತಂದೆ, ಹಗ್ಗ ತಂದೆ. ಮಗನ್ನ ಕಟ್ಟಲಿಲ್ಲ ನೋಡು."

ಮೂರಕ್ಕೆ ಹತ್ತು ನಿಮಿಷವಿದ್ದಾಗ ಅನಂತ ಒಬ್ಬನೇ ನಡೆದು ಬಂದ. ತುಟಿ ಕೆಂಪಗಿತ್ತು. "ಮಿಸ್ತ್ರಿ ಊರಾಗಿಲ್ಲ," ಎಂದ. ಮಗ ಬಂದನಲ್ಲ ಎಂಬ ಹರ್ಷದಲ್ಲಿ ರಾಯರು ಮುಂದೆ ಕೇಳಲಿಲ್ಲ. ಜ್ಯಾಕಿನ ಧೂಳು ಒರೆಸಿ ಒಳಗಿಟ್ಟರು.

ಮೂರು ಹೊಡೆದು ಐದು ನಿಮಿಷಕ್ಕೆ ಕಾರು ಶ್ರೀನಿವಾಸರಾಯರ ಮನೆಯ ಮುಂದೆ ನಿಂತಿತು. ವಿಮಲಾಬಾಯಿ ಬಲಗಾಲಿಟ್ಟು ಹೊಸ್ತಿಲು ದಾಟಿದರು. ಶ್ರೀನಿವಾಸರಾಯರು ಸಕ್ಕರೆಯ ತಟ್ಟೆ ಹಿಡಿದೇ ಎದುರು ಬಂದರು.

"ಬರ್ರಿ ಬೀಗರ, ಕುಂಡ್ರಿ."

ಹುಡುಗಿಯನ್ನು ಇನ್ನೂ ತೋರಿಸಿಲ್ಲ, ಆಗಲೇ ಬೀಗರೆ? ಮಾರ್ತಾಂಡರಾಯರು ಬೆಪ್ಪಾದರು. ವಿಮಲಾಬಾಯಿ ಮಾತ್ರ ಗಂಡನ ಕಡೆ ಗೆದ್ದ ಕಣ್ಣು ಹಾಯಿಸಿದರು. "ಘಳಿಗಿ ನೋಡಿ ಬಂದದ್ದಕ್ಕ ಫಲ ಸಿಕ್ಕಿತು ನೋಡ್ರಿ."

"ಘಳಿಗೀದು ಏನ ಬಂತ್ರಿ ಬಾಯಾರ," ಎಂದು ಶ್ರೀನಿವಾಸರಾಯರು ನಕ್ಕರು. "ಮುಂಡರಗಿಯವರು ಎರಡೂಕಾಲು ಗಂಟೆಕ್ಕ ಬಂದಿದ್ರು; ಎರಡಕ್ಕ ನಿಮ್ಮ ಅನಂತ ಚಕ್ಕಡಿ ಇಳದು ಓಡಿ ಬಂದು, ಕಮಲಾನ್ನ ನೋಡಿ ಒಪ್ಪಿಗಿ ಹೇಳಿ, ಎಲಿ ಅಡಕಿ ಹಾಕ್ಕೊಂಡು ಹೋಗಿರಲಿಲ್ಲಂದ್ರ, ಈ ಸಕ್ಕರಿ ಅವರ ಕೈಯಾಗ ಇರತಿತ್ತು."