ಮೂರು ವರ್ಷಕ್ಕೊಮ್ಮೆ

ಚೆನ್ನೈನ ಎಗ್ಮೋರ್ ಸ್ಟೇಷನ್ನಿನ ಎದುರು ಆಟೋ ಇಳಿದು ಗುರುಚರಣ ತಲೆಯೆತ್ತಿ ನೋಡಿದರೆ ಹೋಟೆಲೇ ಇಲ್ಲ! ಬೋರ್ಡು ಇದ್ದಲ್ಲಿ ತಗಡಿನ ಬೇಲಿ, ಒಳಗೆ ಮಣ್ಣು ಅಗೆಯುವ ಯಂತ್ರದ ಗಲಾಟೆ. ಗಂಟೆ ಎಂಟೂವರೆ. ಒಂಬತ್ತೂವರೆಗೆ ಆ ಹೋಟೆಲಿನಲ್ಲಿ ತರಬೇತಿ ಶುರುವಾಗಬೇಕಿತ್ತು. ಹೂಡಿಕೆ ಸಲಹೆಗಾರರು ಮೂರು ವರ್ಷಕ್ಕೊಮ್ಮೆ ಇಡೀ ದಿನ ಕೂತು ಕೇಳಲೇಬೇಕಾದ ಪಾಠ ಅದು. ಗುರುಚರಣರ ಸರ್ಟಿಫಿಕೇಟಿನ ಅವಧಿ ನಾಳೆಗೆ ಮುಗಿಯುತ್ತಿತ್ತು. ಇವತ್ತು ತಪ್ಪಿದರೆ ಅರವತ್ತಾರನೆಯ ವಯಸ್ಸಿನಲ್ಲಿ ಮತ್ತೆ ಪರೀಕ್ಷೆಗೆ ಕೂರಬೇಕು, ಪಾಸಾಗುವವರೆಗೆ ಯಾರಿಗೂ ಸಲಹೆ ಕೊಡುವ ಹಾಗಿಲ್ಲ. ಮೈಲಾಪೂರಿನಲ್ಲಿ ಅವರನ್ನೇ ನಂಬಿಕೊಂಡ ಅರವತ್ತು ಮನೆಗಳಿದ್ದವು.

“ಗೊತ್ತಿತ್ರೀ ನನಗ, ನೀವು ಇಲ್ಲಿಗೇ ಬರ್ತೀರಿ ಅಂತ!”

ತಿರುಗಿದರೆ ಸರ್ವಮಂಗಳಾ. ಟೀ ಅಂಗಡಿಯ ಮುಂದೆ ಕೊಡೆ ಊರಿಕೊಂಡು ನಿಂತಿದ್ದಾರೆ. ಹುಬ್ಬಳ್ಳಿ ಕಡೆಯವರು, ಚೆನ್ನೈಗೆ ಬಂದು ನಲವತ್ತು ವರ್ಷ, ಅವರದೂ ಇದೇ ಕಸುಬು. ಹಿಂದೆ ನೋಡಿ ಆರು ವರ್ಷ, ಅಷ್ಟರಲ್ಲಿ ಕೂದಲು ಪೂರ್ತಿ ಬೆಳ್ಳಗಾಗಿತ್ತು. ದನಿ ಮಾತ್ರ ಒಂದಿಷ್ಟೂ ಬದಲಾಗಿರಲಿಲ್ಲ.

“ಮೇಲ್‌ನ್ಯಾಗ ತಾರೀಖು ಓದೀರಿ, ಜಾಗ ಓದಿಲ್ಲ. ಹೌದಿಲ್ಲೋ?”

“ಜಾಗ ಏನು ಓದೋದು ಮೇಡಂ? ಯಾವಾಗ್ಲೂ ಇದೇ ಹೋಟೆಲ್ ತಾನೇ!”

“ಈ ಸಲ ವೇಲಚೇರಿ. ಮೊದ್ಲು ಆಟೋ ಹತ್ರಿ, ಮಾತು ಆಮ್ಯಾಲೆ.”

ಆಟೋ ಹೊರಟ ಮೇಲೆ ಗುರುಚರಣರಿಗೆ ಉಸಿರು ಬಂತು, ಅದರ ಹಿಂದೆಯೇ ಹಳೆಯದೆಲ್ಲ ನೆನಪಾಯಿತು. ಹದಿನೈದು ವರ್ಷದ ಹಿಂದೆ, ಮೊದಲನೆಯ ತರಬೇತಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತು ಕನ್ನಡದಲ್ಲಿ ಗೊಣಗಿಕೊಂಡವರು ಇವರು. ಸಹಿ ಮಾಡಲು ಇವರ ಪೆನ್ನು ಇಸಿದುಕೊಂಡ ಗುರುಚರಣ ಸಂಜೆ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಹೋಗಿಬಿಟ್ಟಿದ್ದರು. ಮರಳಿಸಿದ್ದು ಮೂರು ವರ್ಷದ ಮೇಲೆ, ಹೊಸ ರೀಫಿಲ್ ಹಾಕಿಸಿ. ಅವತ್ತು ಸಂಜೆ ಅದು ಮತ್ತೆ ಗುರುಚರಣರ ಜೇಬಿಗೇ ಇಳಿಯಿತು, ಮುಂದೆ ಪ್ರತಿ ಸಲವೂ ಹಾಗೇ. ನಿಜಕ್ಕೂ ಮರೆತಿದ್ದರೋ ಇಲ್ಲವೋ, ಈಗ ಅವರಿಗೇ ಗೊತ್ತಿಲ್ಲ. ಊಟವಾದ ಮೇಲೆ ಒಬ್ಬರು ತೂಕಡಿಸಿದರೆ ಇನ್ನೊಬ್ಬರು ಮೊಣಕೈಯಿಂದ ತಿವಿಯಬೇಕು, ಅದೂ ಒಂದು ಒಪ್ಪಂದ. ತಿವಿಸಿಕೊಂಡವರು ಹೆಚ್ಚಾಗಿ ಗುರುಚರಣರೇ. ಒಬ್ಬರ ಫೋನ್ ನಂಬರು ಇನ್ನೊಬ್ಬರ ಬಳಿ ಇರಲಿಲ್ಲ. ಬೇಕೂ ಇರಲಿಲ್ಲ, ಮೂರು ವರ್ಷಕ್ಕೊಮ್ಮೆ ಕಾನೂನೇ ಕರೆಸಿ ಕೂರಿಸುತ್ತಿತ್ತಲ್ಲ!

“ಹೋದ ಸಲ ನೀವು ಬರಲೇ ಇಲ್ಲ. ಪಕ್ಕದ ಕುರ್ಚಿ ಮೇಲೆ ಕರ್ಚೀಫ್ ಹಾಕಿಟ್ಟಿದ್ದೆ, ಸಾಯಂಕಾಲದವರೆಗೂ.”

ಸರ್ವಮಂಗಳಾ ಹೊರಗೆ ನೋಡುತ್ತ ಹೇಳಿದರು. “ಅವತ್ತು ನಮ್ಮನಿಯವರನ್ನ ಐಸಿಯುದಾಗ ಇಟ್ಟಿದ್ರು. ನನಗ ಕ್ಲಾಸಿನ ನೆನಪಾಗೂದ್ರಾಗ ತಾರೀಖು ದಾಟಿತ್ತು.”

“ಪರೀಕ್ಷೆ ಬರೀಬಹುದಿತ್ತಲ್ಲ ಮೇಡಂ?”

“ಆರು ತಿಂಗಳು ಹಾಸಿಗಿ ಹಿಡಿದು ಅವರು ಹೋದ್ರು. ಆಮ್ಯಾಲೆ ಪುಸ್ತಕ ಹಿಡಿಯೋ ಮನಸ್ಸು ಎಲ್ಲಿಂದ ಬರಬೇಕು? ನನ್ನ ಮಂದೀನೆಲ್ಲ ಬ್ಯಾರೆಯವರಿಗೆ ಒಪ್ಪಿಸಿಬಿಟ್ಟೆ. ಮೊದಮೊದ್ಲು ಫೋನ್ ಮಾಡಿ ಕೇಳೋರು. ನಾನು ಹೇಳೋ ಹಂಗಿಲ್ಲರೀ ಅಂತಿದ್ದೆ. ಈಗ ಫೋನೂ ಬರೂದಿಲ್ಲ.”

“ಮತ್ತೆ ಇವತ್ತು ನೀವು…?”

“ಮೇಲ್ ಇನ್ನೂ ಬರ್ತಾವ. ನನ್ನ ಹೆಸರು ತೆಗೆಯೋದು ಮರ್ತಾರ. ಜಾಗ ಬದಲಾಗೇತಿ ಅಂತ ಓದಿದ ಕೂಡ್ಲೆ ನಿಮ್ಮ ನೆನಪಾತು. ನಿಮ್ಮ ಸರ್ಟಿಫಿಕೇಟ್ ಮುಗಿಯೋ ತಾರೀಖೂ ನಂದೂ ಒಂದೇ ಇತ್ತಲ್ಲೇನು? ಕೊನೀ ಕ್ಲಾಸಿನ ತನಕ ಎಳಿಯೋ ಮನುಷ್ಯ ಬ್ಯಾರೆ ನೀವು! ನಂಬರಿಲ್ಲ, ಮನಿ ಗೊತ್ತಿಲ್ಲ. ಏಳು ಗಂಟೆಯಿಂದ ಅಲ್ಲೇ ನಿಂತಿದ್ದೆ.”

ವೇಲಚೇರಿ ಬರುವವರೆಗೂ ಗುರುಚರಣ ಜೇಬಿನಲ್ಲಿದ್ದ ಅದೇ ಹಳೆಯ ಪೆನ್ನನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು.

ಗಾಜಿನ ಕಟ್ಟಡದ ಗೇಟಿನೆದುರು ಇಳಿದಾಗ ಒಂಬತ್ತು ಇಪ್ಪತ್ತೆರಡು. ನೋಂದಣಿ ಇದ್ದವರಿಗಷ್ಟೇ ಒಳಗೆ ಪ್ರವೇಶ, ಸರ್ವಮಂಗಳಾ ಗೇಟಿನಲ್ಲೇ ನಿಂತರು. ಗುರುಚರಣ ಜೇಬಿನಿಂದ ಪೆನ್ನು ತೆಗೆದು ಮುಂದೆ ಹಿಡಿದರು. “ತಗೊಳ್ಳಿ. ಹೊಸ ರೀಫಿಲ್ ಹಾಕಿಸಿದೀನಿ.”

“ಸಹಿ ಮಾಡಾಕ ಬೇಕಲ್ಲ? ಇಟ್ಕೊಳ್ರಿ. ಆಮ್ಯಾಲೆ ಕೊಡೀರಂತ.”

“ಆಮೇಲೆ ಅಂದ್ರೆ ಯಾವಾಗ? ಎಲ್ಲಿ?”

“ಹೊತ್ತಾತು, ಹೋಗ್ರಿ ಒಳಗ!” ಎಂದು ಗದರಿಸಿದರು ಸರ್ವಮಂಗಳಾ. ಗದರಿಸುವಾಗ ಕಣ್ಣು ಬೇರೆ ಕಡೆ ಇತ್ತು.

ಒಳಗೆ ಮೇಜಿನ ಮುಂದೆ ನಿಂತು ಗುರುಚರಣ ಪೆನ್ನಿನ ಮುಚ್ಚಳ ತೆಗೆದರು. ಮೇಜಿನ ಹಿಂದಿದ್ದ ಹುಡುಗಿ ನಕ್ಕಳು. “ಸೈನ್ ವೇಂಡಾಂ ಸರ್,” ಎಂದು ತಮಿಳಿನಲ್ಲಿ ಹೇಳಿ, ಸಹಿ ಬೇಡ, ಮುಖ ತೋರಿಸಿದರೆ ಸಾಕು, ಹಾಜರಿ ತಾನೇ ಬೀಳುತ್ತದೆ ಎಂದು ಕ್ಯಾಮೆರಾ ಇದ್ದ ಪುಟ್ಟ ಪರದೆಯನ್ನು ಇವರತ್ತ ತಿರುಗಿಸಿದಳು. ಗುರುಚರಣರಿಗೆ ಅದು ಕೇಳಿಸಲೇ ಇಲ್ಲ. ಅವರು ಕತ್ತು ತಿರುಗಿಸಿ, ಗಾಜಿನಾಚೆ ಗೇಟಿನ ಕಡೆಗೇ ನೋಡುತ್ತಿದ್ದರು. ಪರದೆಯ ಮೇಲೆ ಮುಖ ಸಿಗದೆ ಕೆಂಪು ಚೌಕ ಮಿನುಗುತ್ತಿತ್ತು. ಗಡಿಯಾರದಲ್ಲಿ ಒಂಬತ್ತು ಇಪ್ಪತ್ತೊಂಬತ್ತು.

“ಸರ್, ಇಲ್ಲಿ ನೋಡಿ, ಇಲ್ಲಿ!” ಎಂದು ಅವಳು ತಮಿಳಿನಲ್ಲೇ ಎರಡು ಸಲ ಕೂಗಿದಳು.

ಅಷ್ಟು ದೂರದಲ್ಲಿ, ಗೇಟಿನ ಹೊರಗೆ ನಿಂತಿದ್ದ ಸರ್ವಮಂಗಳಾ ಪಕ್ಕದ ಖಾಲಿ ಗಾಳಿಯನ್ನು ಮೊಣಕೈಯಿಂದ ಒಮ್ಮೆ ಜೋರಾಗಿ ತಿವಿದರು.